ಅರ್ಧ ಇಂಚಿನ ಆಟ

“ಒತ್ತು... ಒತ್ತು... ಹಿಡ್ಕೊ. ಬಿಡ್ಬೇಡ ಮರಿ. ಹಾಂ, ಈಗ ಬಿಡು.”

ಬೇಸಿಗೆ ರಜೆಯಲ್ಲಿ ನನ್ನ ಕೆಲಸ ಇಷ್ಟೇ. ಸಕಲೇಶಪುರ ದಾಟಿ ಶಿರಾಡಿ ಘಾಟಿಯ ಕಡೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ನನ್ನ ಚಿಕ್ಕಪ್ಪನ ತಗಡಿನ ಶೆಡ್ಡು ಇತ್ತು. ಅವರು ಗಾಡಿಯಡಿ ಅಂಗಾತ ಮಲಗಿರುತ್ತಿದ್ದರು. ನಾನು ಡ್ರೈವರ್ ಸೀಟಿನ ತುದಿಗೆ ಜಾರಿ, ಸ್ಟೀರಿಂಗ್ ಹಿಡಿದು ಹೆಚ್ಚುಕಡಿಮೆ ನೇತಾಡುತ್ತಾ ಬ್ರೇಕ್ ಪೆಡಲ್ ತುಳಿಯುತ್ತಿದ್ದೆ. ಪೈಪಿನೊಳಗೆ ಸೇರಿಕೊಂಡ ಗಾಳಿಯನ್ನು ಹೊರಗೆ ಹಾಕುವ ಕೆಲಸ ಅದು. ನಾನು ಒತ್ತಿ ಹಿಡಿದಾಗ ಅವರು ಚಕ್ರದ ಹಿಂದಿನ ನಿಪ್ಪಲ್ಲನ್ನು ಸಡಿಲಿಸುತ್ತಿದ್ದರು. ಅಷ್ಟು ಹೊತ್ತು ಕಲ್ಲಿನಂತಿದ್ದ ಪೆಡಲ್ ಒಮ್ಮೆಲೇ ಕಾಲಡಿ ಕುಸಿಯುತ್ತಿತ್ತು. ಕೆಳಗೆ ಸೀಸೆಯಲ್ಲಿ ಗುಳುಗುಳು ಗುಳ್ಳೆ. ಆ ಕುಸಿತ ಬಂದಾಗಲೆಲ್ಲ ಹೊಟ್ಟೆಯಲ್ಲಿ ಏನೋ ತಣ್ಣಗಾಗುತ್ತಿತ್ತು.

ಘಾಟಿ ಇಳಿಯುವ ಮೊದಲು ಬ್ರೇಕ್ ತೋರಿಸಿಕೊಂಡು ಹೋಗುವವರು ಆಗ ಬಹಳ. ಕಾಫಿ ತೋಟದ ಜೀಪುಗಳು, ಅಂಬಾಸಡರ್ ಟ್ಯಾಕ್ಸಿಗಳು, ಮಂಗಳೂರಿಗೆ ಹೊರಟ ಫಿಯಟ್ಟುಗಳು. ಚಿಕ್ಕಪ್ಪ ಮೊದಲು ಕಾಲಿಡುತ್ತಿರಲಿಲ್ಲ. ಬಾಗಿಲು ತೆಗೆದು, ಬಗ್ಗಿ, ಪೆಡಲನ್ನು ಕೈಯಲ್ಲಿ ಒತ್ತಿ ನೋಡುತ್ತಿದ್ದರು. ಎರಡೇ ಬೆರಳಲ್ಲಿ, ಹಣ್ಣು ಮಾಗಿದೆಯೋ ಎಂದು ನೋಡುವ ಹಾಗೆ. ಪೆಡಲ್ ಮೊದಲು ಒಂದಿಷ್ಟು ದೂರ ಯಾವ ಪ್ರತಿರೋಧವೂ ಇಲ್ಲದೆ ಸುಮ್ಮನೆ ಚಲಿಸುತ್ತದೆ, ಆಮೇಲೆ ಏನೋ ತಾಗುತ್ತದೆ. ಆ ಸುಮ್ಮನೆ ಚಲಿಸುವ ದೂರಕ್ಕೆ ಗ್ಯಾರೇಜುಗಳಲ್ಲಿ ‘ಪ್ಲೇ’ ಎನ್ನುತ್ತಾರೆ. ಚಿಕ್ಕಪ್ಪ ಅದನ್ನು ‘ಆಟ’ ಎನ್ನುತ್ತಿದ್ದರು. “ಆಟ ಎಷ್ಟಿದೆ ನೋಡು,” ಎಂದು ನನ್ನ ಕೈಗೆ ಸ್ಟೀಲಿನ ಸ್ಕೇಲು ಕೊಡುತ್ತಿದ್ದರು.

ಏನೂ ಕೆಲಸ ಮಾಡದ ಈ ಜಾಗವನ್ನು ಯಾಕೆ ಬಿಡಬೇಕು? ಕ್ಲಚ್ಚಿನಲ್ಲಿ ಇದಕ್ಕೆ ಉತ್ತರ ಸುಲಭ. ಎಂಜಿನ್ನಿನ ಫ್ಲೈವೀಲಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಪ್ಲೇಟನ್ನು ಸ್ಪ್ರಿಂಗುಗಳು ಅಮುಕಿ ಹಿಡಿದಿರುತ್ತವೆ. ಪೆಡಲ್ ತುಳಿದಾಗ ಒಂದು ಬೇರಿಂಗ್ ಮುಂದೆ ಸರಿದು ಸ್ಪ್ರಿಂಗುಗಳ ಹಿಡಿತ ಬಿಡಿಸುತ್ತದೆ. ತುಳಿಯದೆ ಇರುವಾಗ ಆ ಬೇರಿಂಗ್ ದೂರ ನಿಂತಿರಬೇಕು. ಸದಾ ತಾಗಿಕೊಂಡೇ ಇದ್ದರೆ ಅದೂ ಸವೆಯುತ್ತದೆ, ಪ್ಲೇಟೂ ಅರ್ಧ ಹಿಡಿತದಲ್ಲಿ ಜಾರಿ ಸುಡುತ್ತದೆ. ಪೆಡಲಿನ ಆಟ ಎಂದರೆ ಆ ಅಂತರ ಕಾಲಿಗೆ ತಿಳಿಯುವ ರೀತಿ. ಅಂಬಾಸಡರಿನಲ್ಲಿ ಅದು ಉಂಡೆಗಳ ಬೇರಿಂಗ್ ಕೂಡ ಅಲ್ಲ, ಒಂದು ಕಾರ್ಬನ್ ಉಂಗುರ. ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡು ಓಡಿಸುವ ಡ್ರೈವರ್ ಕಂಡರೆ ಚಿಕ್ಕಪ್ಪನಿಗೆ ಉರಿದುಹೋಗುತ್ತಿತ್ತು. “ಅದೇನು ನಿಮ್ಮನೆ ಕಾಲ್ಮಣೆನಾ? ಕಾಲು ತೆಗೀರಿ ಮೊದ್ಲು.”

ಅವರು ಹೇಳಿಕೊಟ್ಟ ಇನ್ನೊಂದು ಸಂಗತಿ ನನಗೆ ಈಗಲೂ ಸೋಜಿಗ. ಸವೆತದ ಲೆಕ್ಕವನ್ನು ಈ ಎರಡು ಪೆಡಲುಗಳು ಒಂದಕ್ಕೊಂದು ತಿರುಗುಮುರುಗಾಗಿ ಹೇಳುತ್ತವೆ. ಬ್ರೇಕಿನ ಲೈನರ್ ಸವೆದರೆ ಪೆಡಲ್ ಕೆಳಗೆ ಹೋಗುತ್ತದೆ. ಹಿಡಿಯಬೇಕಾದ ಡ್ರಮ್ಮು ದೂರವಾಗಿರುವುದರಿಂದ ಹೆಚ್ಚು ತುಳಿಯಬೇಕು. ಕ್ಲಚ್ ಪ್ಲೇಟ್ ಸವೆದರೆ ಸ್ಪ್ರಿಂಗಿನ ಬೆರಳುಗಳು ಬೇರಿಂಗಿನ ಕಡೆಗೇ ಸರಿದು ಬರುತ್ತವೆ. ಹಾಗಾಗಿ ಆಟ ಕಡಿಮೆಯಾಗುತ್ತಾ ಹೋಗಿ, ಕ್ಲಚ್ ಪೆಡಲಿನ ತೀರ ಮೇಲೆಯೇ ಹಿಡಿಯತೊಡಗುತ್ತದೆ. ಒಂದು ಇಳಿದು ಹೇಳುತ್ತದೆ, ಇನ್ನೊಂದು ಏರಿ ಹೇಳುತ್ತದೆ. ಕೇಳಿಸಿಕೊಳ್ಳಬೇಕಾದದ್ದು ಕಾಲು.

ಇದಕ್ಕೊಂದು ಚರಿತ್ರೆ ಇದೆ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ, ಓದು ಮುಗಿಸಿ ಬೆಂಗಳೂರು ಸೇರಿ, ಸ್ಪ್ಯಾನರ್ ಹಿಡಿಯುವುದನ್ನು ಬಿಟ್ಟ ಮೇಲೆ. ಹುಡುಕುತ್ತಾ ಹೋದರೆ ಅದರ ಬುಡದಲ್ಲಿ ಸಿಕ್ಕಿದ್ದು ಎಂಜಿನಿಯರ್ ಅಲ್ಲ, ಚಪ್ಪಲಿ ಹೊಲಿಯುವವನು. 1888ರ ಆಗಸ್ಟಿನಲ್ಲಿ ಬರ್ತಾ ಬೆಂಜ್ ತನ್ನ ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ ಅವನ ಮೂರು ಚಕ್ರದ ಮೋಟಾರು ಗಾಡಿಯಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಜರ್ಮನಿಯ ಮನ್‌ಹೈಮಿನಿಂದ ಫೋರ್ಟ್ಸ್‌ಹೈಮಿನ ತವರಿಗೆ ಹೊರಟಳು. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಇಳಿಜಾರುಗಳಲ್ಲಿ ಬ್ರೇಕಿನ ಮರದ ತುಂಡುಗಳು ಸವೆದುಹೋದವು. ದಾರಿಯ ಊರೊಂದರಲ್ಲಿ ಚಪ್ಪಲಿ ಹೊಲಿಯುವವನಿಂದ ಆಕೆ ಆ ತುಂಡುಗಳಿಗೆ ತೊಗಲು ಹೊಡೆಸಿದಳು. ಬ್ರೇಕಿಗೆ ಲೈನರ್ ಹಾಕಿದ ಮೊದಲ ಸಂದರ್ಭ ಎಂದು ಇದನ್ನೇ ಹೇಳುವುದು ರೂಢಿ. ಆಕೆ ಟೋಪಿಯ ಪಿನ್ನಿನಿಂದ ಪೆಟ್ರೋಲ್ ನಳಿಗೆ ಚೊಕ್ಕ ಮಾಡಿದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನಗೆ ಈ ತೊಗಲಿನ ಕಥೆಯೇ ದೊಡ್ಡದು.

ಹತ್ತು ವರ್ಷವೂ ಆಗುವ ಮೊದಲು, ಇಂಗ್ಲೆಂಡಿನ ಡರ್ಬಿಶೈರ್ ಗುಡ್ಡಗಳಲ್ಲಿ ಹರ್ಬರ್ಟ್ ಫ್ರೂಡ್ ಎಂಬಾತ ಕುದುರೆ ಗಾಡಿಯವರು ಇಳಿಜಾರಿನಲ್ಲಿ ಬ್ರೇಕಿನ ಮರಕ್ಕೆ ಹಳೆ ಬೂಟಿನ ಚರ್ಮ ಸಿಕ್ಕಿಸುವುದನ್ನು ನೋಡಿದ. ಅದಕ್ಕಿಂತ ಗಟ್ಟಿಯಾದದ್ದನ್ನು ಮಾಡಿ ಮಾರಬಹುದಲ್ಲ ಎಂದು 1897ರಲ್ಲಿ ಕೆಲಸ ಶುರುಮಾಡಿದ. ‘ಫೆರೋಡೋ’ ಎಂಬ ಹೆಸರು ಅವನ ಹೆಸರಿನ ಅಕ್ಷರಗಳನ್ನೇ ಅದಲುಬದಲು ಮಾಡಿ, ಹೆಂಡತಿ ಎಲಿಜಬೆತ್‌ಳ ಮೊದಲಕ್ಷರ ಸೇರಿಸಿ ಕಟ್ಟಿದ್ದು. ಆತ ಮೊದಲು ನೆಚ್ಚಿದ್ದು ಬಟ್ಟೆ, ಅಂಟುಗಳನ್ನು. ಬಿಸಿಗೆ ಅವು ಸುಟ್ಟುಹೋದಾಗ, 1908ರ ಹೊತ್ತಿಗೆ, ಬೆಂಕಿಗೆ ಜಗ್ಗದ ಕಲ್ನಾರಿಗೆ ಬಂದ. ಕಲ್ನಾರು ಎಂದರೆ ಆಸ್‌ಬೆಸ್ಟಾಸ್. ಇದಕ್ಕೆ ಮತ್ತೆ ಬರುತ್ತೇನೆ.

ಆ ಕಾಲದ ಕ್ಲಚ್ಚು ಕೂಡ ತೊಗಲಿನದೇ. ಫ್ಲೈವೀಲಿನ ಒಳಗೆ ಕೂರುವ ಲಾಳಿಕೆಯಂಥ ಒಂದು ಶಂಕು, ಅದರ ಮೇಲೆ ಚರ್ಮ. ಚರ್ಮ ಒಣಗಿ ಗಬಕ್ಕನೆ ಹಿಡಿದರೆ ಅದಕ್ಕೆ ಹರಳೆಣ್ಣೆ ಸವರಬೇಕು. ಎಣ್ಣೆ ಹೆಚ್ಚಾಗಿ ಜಾರತೊಡಗಿದರೆ, ಇಂದು ಹೆಂಗಸರು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿ ಉದುರಿಸಬೇಕು. ಕಾರಿನ ಯಜಮಾನನ ಪೆಟ್ಟಿಗೆಯಲ್ಲಿ ಇವೆರಡೂ ಇರುತ್ತಿದ್ದವು. ಕ್ಲಚ್ ಸರಿಮಾಡುವುದು ಅಂದರೆ ಹೆಚ್ಚುಕಡಿಮೆ ಬಾಣಂತನ.

ಯಾವ ಪೆಡಲ್ ಎಲ್ಲಿರಬೇಕು ಎಂಬುದೂ ಆಗ ನಿಕ್ಕಿಯಾಗಿರಲಿಲ್ಲ. 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಫೋರ್ಡ್ ಮಾಡೆಲ್ ಟಿಯಲ್ಲಿ ಮೂರು ಪೆಡಲುಗಳಿದ್ದವು, ಮೂರರಲ್ಲಿ ಒಂದೂ ಆಕ್ಸಿಲರೇಟರ್ ಅಲ್ಲ. ಅದು ಸ್ಟೀರಿಂಗಿನ ಕೆಳಗೆ ಕೈಯಲ್ಲಿ. ಎಡಗಡೆಯದು ತುಳಿದರೆ ನಿಧಾನದ ಗೇರು, ಬಿಟ್ಟರೆ ವೇಗದ ಗೇರು, ನಡುವೆ ಹಿಡಿದರೆ ನ್ಯೂಟ್ರಲ್. ನಡುವಿನದು ಹಿಂದಕ್ಕೆ ಹೋಗಲು. ಬಲಗಡೆಯದು ಬ್ರೇಕು. ಏರಿನಲ್ಲಿ ನಿಧಾನದ ಗೇರು ಬೇಕಿರುವಷ್ಟು ಹೊತ್ತೂ ಎಡಗಾಲನ್ನು ಅದುಮಿಯೇ ಇರಬೇಕು. ಈ ಮೂರೂ ಪೆಡಲುಗಳು ಗೇರ್‌ಬಾಕ್ಸಿನೊಳಗೆ ಎಣ್ಣೆಯಲ್ಲಿ ಮುಳುಗಿದ್ದ ನೇಯ್ಗೆಯ ಪಟ್ಟಿಗಳನ್ನು ಬಿಗಿಯುತ್ತಿದ್ದವು. ಪಟ್ಟಿ ಸವೆದಂತೆ ಬಿಗಿ ಮಾಡಿಕೊಳ್ಳುವುದು ಓಡಿಸುವವನದೇ ಕೆಲಸ. ಬ್ರೇಕಿನ ಪಟ್ಟಿ ಪೂರ್ತಿ ಹೋದರೆ ಹಿಂದಕ್ಕೆ ಹೋಗುವ ಪೆಡಲನ್ನೇ ತುಳಿದು ನಿಲ್ಲಿಸುತ್ತಿದ್ದರು!

ಈಗ ನಾವು ಬಲ್ಲ ಎಡಕ್ಕೆ ಕ್ಲಚ್, ನಡುವೆ ಬ್ರೇಕ್, ಬಲಕ್ಕೆ ಆಕ್ಸಿಲರೇಟರ್ ಎಂಬ ಕ್ರಮ, ನಡುವೆ ಗೇರ್ ಕಡ್ಡಿಯ ಸಮೇತ, 1916ರ ಒಂದು ಕ್ಯಾಡಿಲಾಕ್ ಮಾದರಿಯಲ್ಲಿ ಬಂತು. ಅದನ್ನು ಸಾಮಾನ್ಯರ ಕಾಲಿಗೆ ರೂಢಿಮಾಡಿದ್ದು 1922ರ ಪುಟ್ಟ ಆಸ್ಟಿನ್ ಸೆವೆನ್. ಆ ಆಸ್ಟಿನ್ನಿನ ಕ್ಲಚ್ ಎಷ್ಟು ಚಿಕ್ಕ ದೂರದಲ್ಲಿ ಹಿಡಿದು ಬಿಡುತ್ತಿತ್ತೆಂದರೆ, ಹೊಸಬರ ಕೈಯಲ್ಲಿ ಕಾರು ಒಂದೋ ನಿಂತಿರುತ್ತಿತ್ತು, ಇಲ್ಲವೇ ಕಪ್ಪೆಯಂತೆ ಕುಪ್ಪಳಿಸುತ್ತಿತ್ತು. ಮೊದಲ ವರ್ಷಗಳಲ್ಲಿ ಅದರ ಕಾಲಿನ ಬ್ರೇಕು ಹಿಂದಿನ ಚಕ್ರಗಳಿಗೆ, ಕೈಬ್ರೇಕು ಮುಂದಿನ ಚಕ್ರಗಳಿಗೆ. ನಿಲ್ಲಬೇಕಾದರೆ ಎರಡನ್ನೂ ಹೊಂದಿಸಬೇಕಿತ್ತು.

ಆ ತನಕ ಪೆಡಲಿನಿಂದ ಚಕ್ರಕ್ಕೆ ಹೋಗುತ್ತಿದ್ದದ್ದು ಕಬ್ಬಿಣದ ಸಲಾಕೆ, ಇಲ್ಲವೇ ತಂತಿಹಗ್ಗ. ನಾಲ್ಕೂ ಚಕ್ರಕ್ಕೆ ಒಂದೇ ಹದದಲ್ಲಿ ಎಳೆತ ಬರುವಂತೆ ಮಾಡುವುದು ವೀಣೆಯ ತಂತಿ ಶ್ರುತಿ ಮಾಡಿದಂತೆ. ಒಂದು ಬಿಗಿಯಾದರೆ ಕಾರು ಆ ಕಡೆಗೆ ಎಳೆಯುತ್ತದೆ. ಮಾಲ್ಕಮ್ ಲಾಕ್‌ಹೀಡ್ (ವಿಮಾನ ಕಂಪನಿಯ ಆ ಮನೆತನದವನೇ) ಸಲಾಕೆಯ ಬದಲು ದ್ರವವನ್ನು ಕೊಳವೆಯಲ್ಲಿ ತುಂಬಿದ. ದ್ರವ ಒತ್ತಡವನ್ನು ಎಲ್ಲ ಕಡೆಗೂ ಸಮವಾಗಿಯೇ ಹಂಚುತ್ತದೆ, ಶ್ರುತಿ ಮಾಡುವ ತಾಪತ್ರಯವಿಲ್ಲ. 1921ರಲ್ಲಿ ಡ್ಯೂಸನ್‌ಬರ್ಗ್ ಅದನ್ನು ನಾಲ್ಕೂ ಚಕ್ರಕ್ಕೆ ಹಾಕಿತು. ಆದರೆ ಒಳಗಿನ ತಡೆಗಳು ತೊಗಲಿನವು, ಮತ್ತೆ ತೊಗಲು! ಒಣಗಿ ಕುಗ್ಗಿ ಸೋರುತ್ತಿದ್ದವು. ಕ್ರೈಸ್ಲರ್ ಕಂಪನಿಯವರು ರಬ್ಬರಿನ ಬಟ್ಟಲುಗಳನ್ನು ಹಾಕಿ 1924ರಲ್ಲಿ ಮಾರುಕಟ್ಟೆಗೆ ತಂದರು. ದ್ರವ ಯಾವುದು? ಮುಂದೆ ಬಹುಕಾಲ ಚಾಲ್ತಿಯಲ್ಲಿದ್ದದ್ದು ಹರಳೆಣ್ಣೆಗೆ ಆಲ್ಕೋಹಾಲ್ ಬೆರೆಸಿದ್ದು. ಹೆನ್ರಿ ಫೋರ್ಡ್ ಮಾತ್ರ ಕಬ್ಬಿಣವನ್ನು ನಂಬಿದಷ್ಟು ಎಣ್ಣೆಯನ್ನು ನಂಬಲಿಲ್ಲ. 1939ರ ಮಾದರಿಯವರೆಗೂ ಫೋರ್ಡ್ ಕಾರುಗಳಿಗೆ ಸಲಾಕೆಯೇ ಗತಿ.

ಎಣ್ಣೆ ಬಂದ ಮೇಲೆ ಬ್ರೇಕಿನ ಆಟಕ್ಕೆ ಹೊಸ ಅರ್ಥ ಬಂತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ಮುಂದೆ ಹೇಳುವ ನನ್ನ ಕಥೆ ಇರುವುದು ಇಲ್ಲಿ. ಪೆಡಲಿನಿಂದ ಒಂದು ಕಡ್ಡಿ ಮಾಸ್ಟರ್ ಸಿಲಿಂಡರಿನ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದಾಗ ಮಾತ್ರ ಅದರ ಮುಂದಿರುವ ಸೂಜಿಮೊನೆಯಂಥ ಒಂದು ರಂಧ್ರ ತೆರೆದುಕೊಳ್ಳುತ್ತದೆ. ಬ್ರೇಕ್ ಬಿಸಿಯಾಗಿ ಎಣ್ಣೆ ಹಿಗ್ಗಿದಾಗ ಆ ರಂಧ್ರದಿಂದ ಹೆಚ್ಚಿನ ಎಣ್ಣೆ ತೊಟ್ಟಿಗೆ ಮರಳುತ್ತದೆ. ಕಡ್ಡಿಗೂ ಪಿಸ್ಟನ್ನಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಲೇಬೇಕು. ಪೆಡಲಿನ ತುದಿಗೆ ಬರುವಾಗ ಅದೇ ಅರ್ಧ ಇಂಚಿನ ಆಟವಾಗುತ್ತದೆ. ಸಂದು ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಮರಳುವುದಿಲ್ಲ, ರಂಧ್ರ ಮುಚ್ಚಿಯೇ ಇರುತ್ತದೆ, ಬಿಸಿಯಾದ ಎಣ್ಣೆಗೆ ಹೋಗಲು ದಾರಿಯಿಲ್ಲ. ಕಾಲು ತೆಗೆದರೂ ಬ್ರೇಕು ಬಿಡುವುದಿಲ್ಲ.

ಅರ್ಧ ಇಂಚು ಎಂಬ ಆ ಅಳತೆ ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಕೈಪಿಡಿಯಲ್ಲಿದೆ. ಕಾರನ್ನೇ ಓಡಿಸಿರದ ಹಳ್ಳಿಯ ಹುಡುಗರನ್ನು ಅಮೆರಿಕದ ಸೈನ್ಯ ರಾಶಿರಾಶಿಯಾಗಿ ಡ್ರೈವರುಗಳನ್ನಾಗಿ ಮಾಡಬೇಕಿತ್ತು. ಗಾಡಿ ಹೊರಡುವ ಮೊದಲು ಪೆಡಲಿನ ಆಟ ನೋಡುವುದು ಅವರ ದಿನಚರಿಗೆ ಸೇರಿತು. ಒಣ ಕೈಪಿಡಿಯನ್ನು ಯಾರು ಓದುತ್ತಾರೆ? ಅದಕ್ಕೆ ಸೈನ್ಯ ಚಿತ್ರಕಥೆಯ ಮೊರೆಹೋಯಿತು. ವಿಲ್ ಐಸ್ನರ್, ಮುಂದೆ ಅಮೆರಿಕದ ಚಿತ್ರಕಥೆಯ ದೊಡ್ಡ ಹೆಸರಾದವನು, ಆಗ ಸೈನ್ಯದ ‘ಆರ್ಮಿ ಮೋಟರ್ಸ್’ ಪತ್ರಿಕೆಗೆ ಜೋ ಡೋಪ್ ಎಂಬ ಪೆದ್ದ ಸೈನಿಕನನ್ನು ಬರೆಯುತ್ತಿದ್ದ. ಏನೇನು ಮಾಡಬಾರದೋ ಅದನ್ನೆಲ್ಲ ಮಾಡಿ ಗಾಡಿ ಕೆಡಿಸುವವನು ಈ ಜೋ. ಅವನನ್ನು ಮೊದಲ ಸಲ ನೋಡಿದಾಗ ನಗು ಬರಲಿಲ್ಲ. ಅವನ ಮುಖ ನನಗೆ ಪರಿಚಯದ್ದು.

ಯುದ್ಧ ಮುಗಿದ ಮೇಲೆ, 1947ರಿಂದ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ಜೀಪು ಜೋಡಿಸತೊಡಗಿತು. ಮಲೆನಾಡಿನ ತೋಟದ ದಾರಿಗಳಿಗೆ ಅದರಷ್ಟು ಒಗ್ಗಿದ ಗಾಡಿ ಬೇರೆ ಇರಲಿಲ್ಲ. ಪೆಡಲುಗಳು ನೆಲದ ತಗಡನ್ನು ಹಾದು ಕೆಳಗೆ ಹೋಗುತ್ತವೆ, ಮಾಸ್ಟರ್ ಸಿಲಿಂಡರ್ ಕೆಳಗೆ ಕೆಸರಿನಲ್ಲಿ. ಬ್ರೇಕಿನ ಕಡ್ಡಿಯನ್ನು ಉದ್ದ ಗಿಡ್ಡ ಮಾಡಲು ಒಂದು ಲಾಕ್ ನಟ್ ಸಡಿಲಿಸಿ ತಿರುಗಿಸಿದರೆ ಸಾಕು. ಹತ್ತು ನಿಮಿಷದ ಕೆಲಸ.

1988ರ ಮಳೆಗಾಲ ಮುಗಿದ ಹೊತ್ತು. ನನಗೆ ಹದಿನಾರು. ಚಿಕ್ಕಪ್ಪ ಹಾಸನಕ್ಕೆ ಸಾಮಾನು ತರಲು ಹೋಗಿದ್ದರು. ತೋಟವೊಂದರ ಜೀಪು ಬಂತು. “ಬ್ರೇಕ್ ತುಂಬ ಕೆಳಗೆ ಹೋಗ್ತಿದೆ, ಸ್ವಲ್ಪ ಮೇಲೆ ಮಾಡ್ಕೊಡು, ಮಂಗಳೂರಿಗೆ ಹೋಗ್ಬೇಕು” ಎಂದರು ಡ್ರೈವರ್. ಲೈನರ್ ಸವೆದಿದೆ ಎಂದು ನನಗೆ ಗೊತ್ತಿತ್ತು. ನಾಲ್ಕೂ ಚಕ್ರ ಎತ್ತಿ, ಒಂದೊಂದರ ಹಿಂದೆಯೂ ತಿರುಗಿಸಿ, ಶೂಗಳನ್ನು ಡ್ರಮ್ಮಿನ ಹತ್ತಿರಕ್ಕೆ ತರಬೇಕು. ಅದು ಸರಿಯಾದ ದಾರಿ, ಒಂದು ಗಂಟೆಯದು. ನಾನು ಕೆಳಗೆ ನುಸುಳಿ ಕಡ್ಡಿಯನ್ನು ಉದ್ದ ಮಾಡಿದೆ. ಆಟ ಪೂರ್ತಿ ಹೋಯಿತು. ಪೆಡಲ್ ಕಾಲಿಟ್ಟಲ್ಲೇ ಗಟ್ಟಿಯಾಗಿ ನಿಂತಿತು. ಡ್ರೈವರಿಗೆ ಬಹಳ ಖುಷಿ. “ಹುಡುಗ ಆದ್ರೂ ಕೆಲಸ ಚೆನ್ನಾಗಿದೆ” ಎಂದು ಹೇಳಿ ಹತ್ತು ರೂಪಾಯಿ ಕೊಟ್ಟರು.

ಅವರು ಕೆಂಪುಹೊಳೆ ದಾಟಲಿಲ್ಲ. ಇಳಿಯುತ್ತಾ ಬ್ರೇಕು ಬಿಸಿಯಾಗಿ, ಎಣ್ಣೆ ಹಿಗ್ಗಿ, ಬ್ರೇಕು ತಾನೇ ಹಿಡಿದುಕೊಂಡಿದೆ. ಹಿಡಿದದ್ದಕ್ಕೆ ಇನ್ನಷ್ಟು ಬಿಸಿ. ಸುಟ್ಟ ವಾಸನೆ ಬಂದರೂ ಘಾಟಿಯಲ್ಲವೇ, ಲಾರಿಗಳದ್ದಿರಬೇಕು ಎಂದುಕೊಂಡಿದ್ದಾರೆ. ಕೊನೆಗೆ ಎಣ್ಣೆ ಕುದಿದು ಆವಿಯಾಗಿದೆ, ಪೆಡಲ್ ನೆಲಕ್ಕೆ ಕುಸಿದಿದೆ. ನಾನು ಚಿಕ್ಕವನಿದ್ದಾಗ ಹೊಟ್ಟೆಯಲ್ಲಿ ತಣ್ಣಗಾಗುತ್ತಿದ್ದ ಅದೇ ಕುಸಿತ. ಅವರು ಗೇರು ಇಳಿಸಿ, ಗುಡ್ಡದ ಕಡೆಯ ಚರಂಡಿಗೆ ಜೀಪು ಉಜ್ಜಿ ನಿಲ್ಲಿಸಿದರು. ಎಡಕ್ಕೆ ಹೊಳೆಯ ಪ್ರಪಾತ. ಅವರ ಬಲಗೈ ಮುರಿಯಿತು. ಗಾಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

ಸಂಜೆ ಚಿಕ್ಕಪ್ಪ ನನ್ನನ್ನೂ ಲಾರಿಯೊಂದರಲ್ಲಿ ಹತ್ತಿಸಿಕೊಂಡು ಅಲ್ಲಿಗೆ ಹೋದರು. ಟಾರ್ಚ್ ಹಿಡಿದು ಜೀಪಿನ ಕೆಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ. ಕಡ್ಡಿಯ ಮೇಲೆ ಕೆಸರು ಹತ್ತಿದ ಹಳೆ ಥ್ರೆಡ್ಡಿನ ಪಕ್ಕ ನಾಲ್ಕೈದು ಸುತ್ತು ಹೊಸ ಥ್ರೆಡ್ ಬೆಳ್ಳಗೆ ಹೊಳೆಯುತ್ತಿತ್ತು. ಅದನ್ನು ನನಗೆ ತೋರಿಸಿದರು. ಏನೂ ಹೇಳಲಿಲ್ಲ. ತೋಟದವರ ಮನೆಗೆ ಹೋಗಿ “ತಪ್ಪು ನಮ್ಮ ಶೆಡ್ಡಿನದು” ಎಂದರು. ಹುಡುಗನದು ಎನ್ನಲಿಲ್ಲ. ಆಸ್ಪತ್ರೆಯ ಖರ್ಚು ಕೊಟ್ಟರು, ಜೀಪನ್ನು ದುಡ್ಡಿಲ್ಲದೆ ರಿಪೇರಿ ಮಾಡಿದರು. ಆ ವರ್ಷ ದೀಪಾವಳಿಗೆ ಅವರ ಮನೆಯಲ್ಲಿ ಯಾರಿಗೂ ಹೊಸ ಬಟ್ಟೆ ಬರಲಿಲ್ಲವೆಂದು ನನಗೆ ಚಿಕ್ಕಮ್ಮ ಹೇಳಿದ್ದು ಇಪ್ಪತ್ತು ವರ್ಷದ ಮೇಲೆ.

ಆ ಹತ್ತು ರೂಪಾಯಿ ಏನಾಯಿತು ಎಂದು ನನಗೆ ನೆನಪಿಲ್ಲ. ನೆನಪಿಲ್ಲದಿರುವುದೂ ಒಂದು ಥರ ಅನುಕೂಲ.

ಕಲ್ನಾರಿಗೆ ಬರುತ್ತೇನೆ ಎಂದಿದ್ದೆ. ಡ್ರಮ್ ಬಿಚ್ಚಿದಾಗ ಒಳಗೆ ಬೂದುಬಣ್ಣದ ಹುಡಿ ಇರುತ್ತಿತ್ತು, ಪೆಡಲ್ ಇಳಿದಷ್ಟೂ ಹುಡಿ. ಚಿಕ್ಕಪ್ಪ ಅದನ್ನು ಬಾಯಿಂದ ಊದುತ್ತಿದ್ದರು. ಆಮೇಲೆ ಕಂಪ್ರೆಸರ್ ಬಂದಾಗ ಅದರಿಂದ. ಶೆಡ್ಡಿನ ಬಿಸಿಲುಕೋಲಿನಲ್ಲಿ ಹುಡಿ ಹೊಳೆಯುತ್ತಾ ತೇಲುತ್ತಿತ್ತು. ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ಕಲ್ನಾರು ನೂಲುತ್ತಿದ್ದ ನೆಲ್ಲಿ ಕರ್ಶಾ ಎಂಬ ಹೆಣ್ಣುಮಗಳು 1924ರಲ್ಲಿ, 33ನೇ ವಯಸ್ಸಿಗೆ ಶ್ವಾಸಕೋಶ ಕೆಟ್ಟು ಸತ್ತಿದ್ದಳು. ಡಾ. ವಿಲಿಯಂ ಕುಕ್ ಅವಳ ಶ್ವಾಸಕೋಶದಲ್ಲಿ ಕಲ್ನಾರಿನ ಚೂರುಗಳನ್ನು ಕಂಡು ಅದೇ ವರ್ಷ ವೈದ್ಯ ಪತ್ರಿಕೆಯಲ್ಲಿ ಬರೆದರು. ಅವಳ ಕಂಪನಿ ಪರಿಹಾರ ಕೊಡಲಿಲ್ಲ. ಆ ಕಂಪನಿ ಸೇರಿದ್ದ ಸಂಸ್ಥೆಯೇ ಕೆಲವೇ ವರ್ಷದಲ್ಲಿ ಫ್ರೂಡ್ ಕಟ್ಟಿದ ಫೆರೋಡೋವನ್ನೂ ಕೊಂಡಿತು. 1931ರಲ್ಲಿ ಬ್ರಿಟನ್ ಕಲ್ನಾರಿನ ಹುಡಿಯ ಬಗ್ಗೆ ಕಾನೂನು ಮಾಡಿತು, ಕಾರ್ಖಾನೆಗಳಿಗೆ. ಲೈನರ್ ಬಿಚ್ಚಿ ಊದುವ ಗ್ಯಾರೇಜಿನವರ ಯೋಚನೆ ಅದರಲ್ಲಿರಲಿಲ್ಲ. ಬ್ರೇಕಿನ ಬಿಸಿಗೆ ನಾರು ಬಹುಪಾಲು ಬೇರೆ ಖನಿಜವಾಗಿ ಮಾರ್ಪಡುತ್ತದೆ, ಅಪಾಯವಿಲ್ಲ ಎಂಬ ವಾದವಿದೆ, ಅದಕ್ಕೆ ಪ್ರತಿವಾದವೂ ಇದೆ. ಬ್ರಿಟನ್ 1999ರಲ್ಲಿ ಕಲ್ನಾರನ್ನು ಪೂರ್ತಿ ನಿಷೇಧಿಸಿತು. ನಮ್ಮಲ್ಲಿ ಅಂಥ ನಿಷೇಧ ಬಂದಿಲ್ಲ.

ಚಿಕ್ಕಪ್ಪನಿಗೆ ಈಗ ಎಪ್ಪತ್ತು ದಾಟಿದೆ. ಎರಡು ಮೆಟ್ಟಿಲು ಹತ್ತಿದರೆ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ಡಾಕ್ಟರು ಎಕ್ಸ್‌ರೇ ನೋಡಿ “ಬೀಡಿ ಸೇದ್ತಿದ್ರಾ?” ಎಂದು ಕೇಳಿದರು. ಸೇದುತ್ತಿದ್ದರು. ಅಲ್ಲಿಗೆ ಮಾತು ಮುಗಿಯಿತು. ನಾನು ಬ್ರೇಕಿನ ಹುಡಿಯ ವಿಷಯ ಎತ್ತಿದೆ. ಡಾಕ್ಟರು ಸುಮ್ಮನೆ ತಲೆಯಾಡಿಸಿ ಔಷಧಿ ಬರೆದರು.

ಪೆಡಲಿನ ಆಟ ನೋಡುವ ಕೆಲಸ ಮನುಷ್ಯರ ಕಾಲಿನಿಂದ ಮೆಲ್ಲಮೆಲ್ಲಗೆ ಜಾರಿಹೋಗಿದೆ. ಸವೆದಷ್ಟೂ ತಾನೇ ಹತ್ತಿರ ಸರಿದುಕೊಳ್ಳುವ ಬ್ರೇಕನ್ನು ಸ್ಟುಡ್‌ಬೇಕರ್ ಕಂಪನಿ 1940ರ ದಶಕದಲ್ಲೇ ತಂದಿತ್ತು. ಮುಂದೆ ಡಿಸ್ಕ್ ಬ್ರೇಕು ಬಂದು ಆ ಪ್ರಶ್ನೆಯನ್ನೇ ಅಳಿಸಿತು. ಮಾರುತಿ 800ರ ಕ್ಲಚ್ ಕೇಬಲ್ಲಿನ ತುದಿಯಲ್ಲಿ ತಿರುಗಿಸಲು ಒಂದು ನಟ್ ಆದರೂ ಇತ್ತು. ಎಣ್ಣೆಯಿಂದ ಕೆಲಸ ಮಾಡುವ ಈಗಿನ ಎಷ್ಟೋ ಕ್ಲಚ್ಚುಗಳಲ್ಲಿ ಬೇರಿಂಗ್ ಸದಾ ತಾಗಿಕೊಂಡೇ ಇರುತ್ತದೆ, ಹಾಗೆ ಇರಲೆಂದೇ ಮಾಡಿದ್ದು. ಚಿಕ್ಕಪ್ಪನಿಗೆ ಇದನ್ನು ಹೇಳಿದಾಗ ನಂಬಲಿಲ್ಲ.

ಹೋದ ವರ್ಷ ನನ್ನ ಮಗಳು ಎಲೆಕ್ಟ್ರಿಕ್ ಕಾರು ತಗೊಂಡಳು. ಬೆಂಗಳೂರಿಗೆ ಬಂದಿದ್ದ ಚಿಕ್ಕಪ್ಪನಿಗೆ ತೋರಿಸಿದಳು. ಅವರು ಬಾಗಿಲು ತೆಗೆದು, ಕಷ್ಟಪಟ್ಟು ಬಗ್ಗಿ, ಬ್ರೇಕ್ ಪೆಡಲನ್ನು ಎರಡು ಬೆರಳಲ್ಲಿ ಒತ್ತಿದರು. ಮತ್ತೊಮ್ಮೆ ಒತ್ತಿದರು. “ಆಟ ಇದೆ” ಎಂದರು. ಆಮೇಲೆ ಎಡಕ್ಕೆ, ಕ್ಲಚ್ ಇರಬೇಕಾದ ಜಾಗದಲ್ಲಿ ಕಾಲಿಡಲೆಂದು ಮಾಡಿದ ಪಟ್ಟಿಯನ್ನು ಮುಟ್ಟಿ, ಒತ್ತಿ, ಅಲ್ಲಾಡಿಸಿ ನೋಡಿದರು. ಅದು ಅಲ್ಲಾಡಲಿಲ್ಲ.

“ಇದು ಏನಮ್ಮ?”

“ಕಾಲು ಇಟ್ಕೊಳಕ್ಕೆ ತಾತ. ಸುಮ್ನೆ.”

“ಓಡಿಸ್ವಾಗ ಪೂರ್ತಿ ಇಟ್ಕೊಂಡೇ ಇರ್ಬಹುದಾ?”

“ಹೂಂ.”

ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿ, ನನ್ನ ಕಡೆ ತಿರುಗಿದರು. “ಏನೂ ಸವೆಯಲ್ವೇನೋ?”